ಮರ ಹತ್ತಿಸುವ ಮುನ್ನ

ಕೂತ ಕೊಂಬೆಯನ್ನೇ ಕಡಿಯುತ್ತಿದ್ದ ಕಾಳಿದಾಸನ ಕಥೆಯನ್ನು ಬಾಲ್ಯದಲ್ಲಿ ಕೇಳಿ ನಗದವರು ಯಾರು? ತರಗತಿಯಲ್ಲಿ ನಾನು ಅದನ್ನು ಹೇಳಿದಾಗಲೆಲ್ಲ ಹುಡುಗರು ಈಗಲೂ ನಗುತ್ತಾರೆ. ನನಗೆ ಮಾತ್ರ ಕೆಲವು ವರ್ಷಗಳಿಂದ ನಗು ಬರುವುದಿಲ್ಲ. ಅದರ ಕಾರಣವನ್ನು ಮೊದಲು ನಿಮ್ಮಲ್ಲಿ ಒಪ್ಪಿಸಿ, ಆಮೇಲೆ ಎರಡು ಹಿತವಚನ ಹೇಳುವುದು ನ್ಯಾಯ.

ನಮ್ಮ ಹಿತ್ತಲಿನಲ್ಲಿ ಒಂದು ಹಳೆಯ ನೇರಳೆಯ ಮರವಿದೆ. ಅದರ ಕೊಂಬೆಯೊಂದು ಮನೆಯ ಹೆಂಚಿನ ಮೇಲೆ ಚಾಚಿಕೊಂಡಿತ್ತು. ಗೌರೀಹಬ್ಬಕ್ಕೆ ಇನ್ನು ಎರಡೇ ದಿನ ಎನ್ನುವಾಗ, ಮರ ಹತ್ತುವುದರಲ್ಲಿ ಊರಿಗೇ ಹೆಸರಾದವನೊಬ್ಬನನ್ನು ಕರೆಸಿದೆ. ರಾತ್ರಿಯೆಲ್ಲ ಸೋನೆ ಹಿಡಿದಿತ್ತು. ಅವನು ಮರವನ್ನೊಮ್ಮೆ ನೋಡಿ, “ಮೇಷ್ಟ್ರೇ, ಮರ ಇನ್ನೂ ಒದ್ದೆ ಐತೆ. ಬಿಸಿಲು ಬರಲಿ, ನಾಳೀಕೆ ಬತ್ತೀನಿ” ಎಂದ. ನನಗೆ ಹಬ್ಬದ ಅವಸರ. “ನಿನ್ನಂಥ ಕೈಯವನಿಗೆ ಒದ್ದೆ ಏನು ಮಾಡೀತಪ್ಪಾ?” ಎಂದುಬಿಟ್ಟೆ. ಅವನು ಸಂಕೋಚದಿಂದ ನಕ್ಕು ಹತ್ತಿದ. ಕಾಲಿಟ್ಟ ಕೊಂಬೆ ಲಟಕ್ಕನೆ ಮುರಿಯಿತು. ಸೊಂಟದ ಮೂಳೆ ಮುರಿದು ಅವನು ನಾಲ್ಕು ತಿಂಗಳು ಹಾಸಿಗೆ ಹಿಡಿದ. ಮಾರನೆಯ ವಾರ ಅವನ ಹೆಂಡತಿ ಬಂದಳು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಹಿತ್ತಲಲ್ಲಿ ಉಳಿದಿದ್ದ ಮಚ್ಚನ್ನೂ ಹಗ್ಗವನ್ನೂ ಕೇಳಿ ತೆಗೆದುಕೊಂಡು ಹೋದಳು.

ಹೊಗಳಿ ಮರ ಹತ್ತಿಸುವುದೆಂದರೆ ಏನೆಂಬುದು ಅಂದು ನನಗೆ ಅರ್ಥವಾಯಿತು. ಹತ್ತುವವನು ಅವನಾದರೂ ಹತ್ತಿಸುವವರು ನಾವು. ಆದುದರಿಂದ ಈ ಮಾತುಗಳು ಮರ ಹತ್ತುವವರಿಗೆ ಎಷ್ಟೋ, ಅವರನ್ನು ಕರೆಸುವ ಮನೆಯವರಿಗೂ ಅಷ್ಟೇ.

ಮರಕ್ಕೆ ವೈದ್ಯ ಉಂಟೆಂಬುದು ಕನ್ನಡಕ್ಕೆ ಹೊಸ ವಿಷಯವಲ್ಲ. ಕ್ರಿ.ಶ. 1025ರಷ್ಟು ಹಿಂದೆಯೇ ಚಾವುಂಡರಾಯನೆಂಬ ಕವಿ ತನ್ನ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೆ ಸ್ಥಳ ಕೊಟ್ಟಿದ್ದಾನೆ. ಮರದ ಕ್ಷೇಮವನ್ನು ಚಿಂತಿಸಿದ ನಾಡು ಮರವೈದ್ಯನ ಕ್ಷೇಮವನ್ನೂ ಚಿಂತಿಸಬೇಡವೇ?

ಮೊದಲನೆಯದು ಕಾಲ. ಮಳೆಯಲ್ಲಿ, ಮಳೆ ನಿಂತೊಡನೆ, ಜೋರು ಗಾಳಿಯಲ್ಲಿ, ಮುಸ್ಸಂಜೆಯಲ್ಲಿ ಯಾರನ್ನೂ ಹತ್ತಿಸಕೂಡದು. ಪಾಚಿ ಹಿಡಿದ ತೊಗಟೆ ನೋಟಕ್ಕೆ ಒಣಗಿದಂತಿದ್ದರೂ ಕಾಲಿಗೆ ಜಾರುತ್ತದೆ. ಹತ್ತುವವನೇ “ಇಂದು ಬೇಡ” ಎಂದರೆ ಅದೇ ಕೊನೆಯ ಮಾತಾಗಬೇಕು.

ಎರಡನೆಯದು ಮರದ ಪರೀಕ್ಷೆ. ವೈದ್ಯನು ನಾಡಿ ಹಿಡಿಯುವಂತೆ ಮೊದಲು ಮರವನ್ನು ಸುತ್ತಿ ನೋಡಬೇಕು. ಬುಡದಲ್ಲಿ ಅಣಬೆ ಎದ್ದಿದೆಯೇ? ಗೆದ್ದಲು ಹಿಡಿದಿದೆಯೇ? ತಟ್ಟಿದರೆ ಟೊಳ್ಳು ಸದ್ದು ಬರುತ್ತದೆಯೇ? ವಾಲಿದ ಮರದ ಬುಡದಲ್ಲಿ ಮಣ್ಣು ಬಿರಿದಿದೆಯೇ? ಇವುಗಳಲ್ಲಿ ಒಂದು ಕಂಡರೂ ಹತ್ತುವ ವಿಚಾರ ಬಿಟ್ಟು, ತಿಳಿದವರನ್ನು ಕರೆಸಿ ಬೇರೆ ದಾರಿ ಹುಡುಕಬೇಕು. ನುಗ್ಗೆಯನ್ನು ಹತ್ತಲೇಬಾರದು. ನೇರಳೆಯ ಕೊಂಬೆ ಹಸಿರಾಗಿದ್ದರೂ ಮುನ್ಸೂಚನೆಯಿಲ್ಲದೆ ಮುರಿಯುತ್ತದೆ. ಒಣಕೊಂಬೆಯಂತೂ ಯಾವ ಮರದ್ದಾದರೂ ಕಾಲಿಗೆ ಆಧಾರವಲ್ಲ. ಹೆಜ್ಜೇನಿನ ಗೂಡನ್ನು ನೋಡಿಕೊಳ್ಳುವುದನ್ನು ಮರೆಯಬೇಡಿ.

ಮೂರನೆಯದು ವಿದ್ಯುತ್ ತಂತಿ. ಇದೇ ಎಲ್ಲಕ್ಕಿಂತ ಕ್ರೂರವಾದದ್ದು. ಹಸಿ ಕೊಂಬೆ, ಒದ್ದೆ ಹಗ್ಗ, ಅಲ್ಯೂಮಿನಿಯಮ್ ಏಣಿ, ಒದ್ದೆ ಬಿದಿರಿನ ದೋಟಿ—ಇವೆಲ್ಲವುಗಳ ಮೂಲಕವೂ ವಿದ್ಯುತ್ತು ಹರಿದು ಬರುತ್ತದೆ. ಮನೆಗೆ ಬರುವ 230 ವೋಲ್ಟಿನ ತಂತಿಯೇ ಕೊಲ್ಲಲು ಸಾಕು. ಬೀದಿಯ ಕಂಬಗಳ ಮೇಲೆ 11,000 ವೋಲ್ಟಿನ ತಂತಿಯೂ ಇರುತ್ತದೆ. ಅದನ್ನು ಮುಟ್ಟಬೇಕೆಂದೇ ಇಲ್ಲ, ತೀರ ಹತ್ತಿರ ಹೋದರೂ ಅಪಾಯ. ಕೊಂಬೆಯಾಗಲಿ, ಮನುಷ್ಯನಾಗಲಿ, ಉಪಕರಣವಾಗಲಿ ತಂತಿಯಿಂದ 10 ಅಡಿಯೊಳಗೆ ಬರುವಂತಿದ್ದರೆ 1912ಕ್ಕೆ ದೂರವಾಣಿ ಮಾಡಿ, ವಿದ್ಯುತ್ ಕಂಪನಿಯವರೇ ಬಂದು ತಂತಿಯನ್ನು ನಿರ್ಜೀವಗೊಳಿಸುವವರೆಗೆ ಕಾಯಿರಿ. ಮನೆಯ ಮೈನ್ ಸ್ವಿಚ್ ಆರಿಸಿದರೆ ಕಂಬದ ತಂತಿ ಆರುವುದಿಲ್ಲ.

ನಾಲ್ಕನೆಯದು ಕಟ್ಟು. ನಡುವಿಗೆ ಬರಿಯ ಹಗ್ಗ ಬಿಗಿದುಕೊಂಡು ಹತ್ತುವ ರೂಢಿಯುಂಟು. ಬಿದ್ದಾಗ ಆ ಹಗ್ಗವೇ ಹೊಟ್ಟೆಯನ್ನೂ ಪಕ್ಕೆಲುಬನ್ನೂ ಹಿಂಡುತ್ತದೆ. ತೊಡೆ, ನಡು, ಎದೆ ಮೂರನ್ನೂ ಹಿಡಿಯುವ ರಕ್ಷಾಪಟ್ಟಿ ಬೇಕು. ಅದರ ಹಗ್ಗವನ್ನು ತಲೆಗಿಂತ ಮೇಲೆ, ಗಟ್ಟಿಯಾದ ಕವಲಿಗೆ ಹಾಕಬೇಕು. ಕಡಿಯುವ ಕೊಂಬೆಗಂತೂ ಖಂಡಿತ ಕಟ್ಟಬಾರದು. ಕಡಿಯಲು ನಿಂತಾಗ ಇನ್ನೊಂದು ಚಿಕ್ಕ ಹಗ್ಗದಿಂದ ಕಾಂಡಕ್ಕೂ ಕಟ್ಟಿಕೊಳ್ಳಬೇಕು, ಗರಗಸಕ್ಕೆ ಒಂದು ಹಗ್ಗ ಸಿಕ್ಕಿದರೂ ಇನ್ನೊಂದು ಹಿಡಿದಿರುತ್ತದೆ. ತಲೆಗೆ ಹೆಲ್ಮೆಟ್, ಕಣ್ಣಿಗೆ ಕನ್ನಡಕ. ಏಣಿಯ ಮೇಲೆ ನಿಂತು ಪೆಟ್ರೋಲ್ ಗರಗಸ ನಡೆಸುವುದೂ ಅದನ್ನು ಒಂದೇ ಕೈಯಲ್ಲಿ ಹಿಡಿಯುವುದೂ ಸರ್ವಥಾ ಸಲ್ಲದು.

ಐದನೆಯದು ಕಡಿಯುವ ಕ್ರಮ. ದಪ್ಪ ಕೊಂಬೆಯನ್ನು ಮೇಲಿನಿಂದ ಒಂದೇ ಸಮನೆ ಕೊಯ್ದರೆ ಅದು ಅರ್ಧದಲ್ಲಿ ಸೀಳಿ, ಕಾಂಡದ ತೊಗಟೆಯನ್ನೂ ಕಿತ್ತುಕೊಂಡು ಹತ್ತಿದವನ ಕಡೆಗೇ ಬೀಸುತ್ತದೆ. ಆದುದರಿಂದ ಮೂರು ಕೊಯ್ತ. ಕಾಂಡದಿಂದ ಒಂದೆರಡು ಅಡಿ ಈಚೆಗೆ ಕೊಂಬೆಯ ಕೆಳಮೈಯಲ್ಲಿ ಕಾಲುಭಾಗದಷ್ಟು ಮೊದಲ ಕೊಯ್ತ. ಅದಕ್ಕಿಂತ ಸ್ವಲ್ಪ ಹೊರಗೆ, ಮೇಲಿನಿಂದ ಎರಡನೆಯದು. ಕೊಂಬೆಯ ಭಾರ ಆಗ ಕೆಳಗಿಳಿಯುತ್ತದೆ. ಉಳಿದ ಮೋಟನ್ನು ತೆಗೆಯುವುದು ಮೂರನೆಯದು. ಕೊಂಬೆ ಕಾಂಡವನ್ನು ಕೂಡುವಲ್ಲಿ ಉಬ್ಬಿದ ಕೊರಳೊಂದು ಕಾಣುತ್ತದೆ. ಅದನ್ನು ಕೆತ್ತದೆ, ಅದರ ಹೊರಗೇ ಕೊಯ್ಯಬೇಕು. ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ಅಲೆಕ್ಸ್ ಶಿಗೊ ಎಂಬ ವಿಜ್ಞಾನಿ ಸಾವಿರಾರು ಮರಗಳನ್ನು ಸೀಳಿ ನೋಡಿ, ಮರವು ತನ್ನ ಗಾಯದ ಸುತ್ತ ತಾನೇ ಗೋಡೆ ಕಟ್ಟಿಕೊಳ್ಳುತ್ತದೆಂದು ತೋರಿಸಿದರು. ಆ ಕೊರಳು ಉಳಿದರೆ ಗೋಡೆ ಬೇಗ ಏಳುತ್ತದೆ. ಡಾಂಬರು, ಬಣ್ಣ ಬಳಿಯುವುದರಿಂದ ಸಾಮಾನ್ಯವಾಗಿ ಪ್ರಯೋಜನವಿಲ್ಲ. ಮರವನ್ನೇ ಕೆಡಹುವುದಾದರೆ, ರಾಜ್ಯದ 1976ರ ಮರಗಳ ಸಂರಕ್ಷಣಾ ಕಾಯಿದೆಯ ಪ್ರಕಾರ ಅನುಮತಿ ಬೇಕೇ ಎಂದು ವೃಕ್ಷಾಧಿಕಾರಿಯನ್ನು ಮೊದಲು ಕೇಳಿರಿ.

ಆರನೆಯದು ನೆಲದ ಮೇಲಿರುವ ನಾವು. ಮರದಡಿಯಲ್ಲಿ ನಿಂತು “ಅದನ್ನೂ ಕಡಿ, ಇದನ್ನೂ ಕಡಿ” ಎಂದು ಮೇಲೆ ನೋಡುತ್ತ ಕೂಗುವುದು ನಮ್ಮ ಅಭ್ಯಾಸ. ಕೊಂಬೆಯ ಉದ್ದದ ಎರಡರಷ್ಟು ದೂರ ಹಗ್ಗ ಎಳೆದು, ಮಕ್ಕಳನ್ನೂ ದನವನ್ನೂ ಆಚೆಗಿಡಿ. ಮೇಲಿನವನು “ಕೊಂಬೆ ಬಂತು” ಎನ್ನಬೇಕು, ಕೆಳಗಿನವನು “ಆಯ್ತು” ಎನ್ನಬೇಕು. ಆ ಉತ್ತರ ಬಾರದೆ ಮಚ್ಚು ಆಡಕೂಡದು. ಒಬ್ಬನನ್ನೇ ಹತ್ತಿಸಿ ಮನೆಯವರು ಹೊರಗೆ ಹೋಗುವುದು ಎಂದಿಗೂ ಬೇಡ.

ಇಷ್ಟಾದರೂ ಯಾರಾದರೂ ಬಿದ್ದರೆ, ಎತ್ತಿ ಕೂರಿಸಲು ಧಾವಿಸಬೇಡಿ. ಬೆನ್ನುಮೂಳೆಗೆ ಪೆಟ್ಟಾಗಿದ್ದರೆ ನಮ್ಮ ಕರುಣೆಯೇ ಅವನನ್ನು ಹೆಳವನನ್ನಾಗಿ ಮಾಡೀತು. ಅಲುಗಿಸದೆ, ಮಾತನಾಡಿಸುತ್ತ, 108ಕ್ಕೆ ಕರೆ ಮಾಡಿರಿ. ತಂತಿ ತಗುಲಿದವನನ್ನು ವಿದ್ಯುತ್ತು ನಿಲ್ಲುವ ಮೊದಲು ಮುಟ್ಟಲೇಬಾರದು.

ಕೂಲಿಯ ಮಾತೊಂದಿದೆ. ಇಷ್ಟೆಲ್ಲ ಸಲಕರಣೆ, ಇಬ್ಬರು ಆಳು ಎಂದರೆ ಹಣ ಹೆಚ್ಚಾಗುತ್ತದೆ. ಆಗಲಿ. ಚೌಕಾಶಿಯಲ್ಲಿ ನಾವು ಉಳಿಸುವ ಹಣ ಇನ್ನೊಬ್ಬರ ಸೊಂಟದ ಬೆಲೆಯಾಗಬಾರದು.

ನಮ್ಮ ನೇರಳೆಯ ಮರಕ್ಕೆ ಈಗ ಅವನ ಮಗ ಬರುತ್ತಾನೆ. ಪಟ್ಟಿ, ಹೆಲ್ಮೆಟ್, ಜೊತೆಗೊಬ್ಬ ಆಳು. ಕಳೆದ ಸಲ ಬೆಳಿಗ್ಗೆ ಮಂಜು ಬಿದ್ದಿತ್ತು. “ಹೊತ್ತಾಯ್ತಲ್ಲ ಮೇಷ್ಟ್ರೇ, ಹತ್ತಲೇ?” ಎಂದ. “ಆರಲಿ ಬಿಡಪ್ಪಾ, ಕಾಫಿ ಕುಡಿ” ಎಂದೆ. ಹತ್ತು ಗಂಟೆಯವರೆಗೆ ಇಬ್ಬರೂ ಜಗಲಿಯ ಮೇಲೆ ಕೂತೆವು. ಬಿಸಿಲು ಮರದ ಬುಡಕ್ಕೆ ಬಂದಮೇಲೆ ಅವನು ಎದ್ದ.