ರಿಪೋರ್ಟ್ ನಾರ್ಮಲ್, ನೋವು ಹಾಗೇ ಇದೆ

ಎರಡು ಸಲ ಬೂಕರ್ ಪ್ರಶಸ್ತಿ ಪಡೆದ ಇಂಗ್ಲಿಷ್ ಕಾದಂಬರಿಕಾರ್ತಿ ಹಿಲರಿ ಮ್ಯಾಂಟೆಲ್ ಅವರ ಯೌವನವನ್ನು ಹೆಸರಿಲ್ಲದ ನೋವೊಂದು ಹಿಂಡಿಹಾಕಿತ್ತು. ವಿದ್ಯಾರ್ಥಿನಿಯಾಗಿದ್ದಾಗ ವೈದ್ಯರ ಬಳಿ ಹೋದರೆ, ಇದು ಮನಸ್ಸಿನ ಕಾಯಿಲೆ ಎಂದು ಮನೋರೋಗದ ಮಾತ್ರೆ ಕೊಟ್ಟರು. ನೋವು ಹೋಗಲಿಲ್ಲ, ಮಾತ್ರೆಗಳಿಂದ ಹೊಸ ಸಂಕಟ ಶುರುವಾಯಿತು. ಕೊನೆಗೆ ಬೋಟ್ಸ್ವಾನಾದಲ್ಲಿದ್ದಾಗ ವೈದ್ಯಕೀಯ ಪಠ್ಯಪುಸ್ತಕ ತೆರೆದು ಅವರೇ ಪತ್ತೆ ಹಚ್ಚಿದರು: ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ಕಾಯಿಲೆ ಅದು. ಲಂಡನ್ನಿನಲ್ಲಿ ಶಸ್ತ್ರಚಿಕಿತ್ಸೆಯಾಗಿ ಗರ್ಭಕೋಶ ಕಳೆದುಕೊಂಡಾಗ ಅವರಿಗೆ 27 ವರ್ಷ.

ಸಾಮಾನ್ಯ ಸ್ಕ್ಯಾನಿಂಗ್‌ನಲ್ಲಿ ಈ ಕಾಯಿಲೆ ಎಷ್ಟೋ ಸಲ ಕಾಣುವುದೇ ಇಲ್ಲ.

‘ರಿಪೋರ್ಟ್ ನಾರ್ಮಲ್ ಇದೆಯಲ್ಲಮ್ಮ, ಸುಮ್ಮನೆ ಕೊರಗ್ತೀಯ’ ಎಂಬ ಮಾತು ನಮ್ಮ ಮನೆಗಳಲ್ಲೂ ಕೇಳಿಬರುತ್ತದೆ. ಸಮಾಧಾನಕ್ಕೆ ಆಡಿದ್ದೇ ಇರಬಹುದು, ಆದರೆ ನರಳುವವರನ್ನು ಅದು ಒಂಟಿಯಾಗಿಸುತ್ತದೆ. ನೋವಿದೆ ಎಂದವರ ಮಾತನ್ನು ಗೌರವಿಸಬೇಕೆಂದು ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ತನ್ನ ವ್ಯಾಖ್ಯೆಯ ಟಿಪ್ಪಣಿಯಲ್ಲೇ ಬರೆದಿದೆ. 3 ತಿಂಗಳು ದಾಟಿದ ನೋವು ತಾನೇ ಒಂದು ಕಾಯಿಲೆಯಾಗಿರಬಹುದು ಎಂಬುದನ್ನು ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯೂ ಒಪ್ಪಿದೆ.

ಉತ್ತರಕ್ಕಾಗಿ ಕಾಯುವ ದಿನಗಳಲ್ಲಿ ಒಂದು ನೋಟ್‌ಬುಕ್ ತುಂಬ ಉಪಕಾರಿ. ‘ಸಂಜೆ ಐದಕ್ಕೆ, ಬಟ್ಟೆ ಒಗೆದ ಮೇಲೆ, ಬಲ ಸೊಂಟದಲ್ಲಿ, ಹತ್ತಕ್ಕೆ ಏಳರಷ್ಟು, ಮುಟ್ಟಿನ ಎರಡನೇ ದಿನ, ಮಾತ್ರೆ ನುಂಗಿದರೂ ಇಳಿಯಲಿಲ್ಲ.’ ವೈದ್ಯರಿಗೆ ಸಿಗುವ ನಾಲ್ಕೈದು ನಿಮಿಷದಲ್ಲಿ ಇಂಥ ಸಾಲುಗಳು ದಾರಿ ತೋರಿಸುತ್ತವೆ. ನೋವು ತಗ್ಗಿದ ದಿನ ಬಾಕಿ ಕೆಲಸವನ್ನೆಲ್ಲ ಒಮ್ಮೆಗೇ ಎಳೆದುಕೊಂಡರೆ ಮರುದಿನ ಹಾಸಿಗೆಯೇ ಗತಿ. ಅರ್ಧಕ್ಕೆ ನಿಲ್ಲಿಸಿ ಕೂರುವುದು ಸೋಮಾರಿತನವಲ್ಲ. ರೋಗದ ಹೆಸರು ಸಿಗುವವರೆಗೆ ನೋವಿನ ಚಿಕಿತ್ಸೆ ಕಾಯಬೇಕಿಲ್ಲ. ದೊಡ್ಡ ಆಸ್ಪತ್ರೆಗಳಲ್ಲಿ ಅರಿವಳಿಕೆ ತಜ್ಞರು ನಡೆಸುವ ನೋವಿನ ಕ್ಲಿನಿಕ್ ಇದ್ದರೆ, ಅಲ್ಲಿಗೆ ಚೀಟಿ ಬರೆದುಕೊಡಿ ಎಂದು ವೈದ್ಯರನ್ನು ಕೇಳಬಹುದು.