ನಮ್ಮ ಹೆಸರಿನ ನಾಲ್ಕು ಕಡತಗಳು: ಸಾಲ ಮಾಹಿತಿ ವರದಿಯ ಪರಿಶೀಲನೆ ಮತ್ತು ರಕ್ಷಣೆ

(ಸಂಜೀವಿನಿ ಒಕ್ಕೂಟಗಳ ಪದಾಧಿಕಾರಿಗಳು, ಮುಖ್ಯ ಪುಸ್ತಕ ಬರಹಗಾರರು ಹಾಗೂ ಅರಿವು ಕೇಂದ್ರಗಳ ಮೇಲ್ವಿಚಾರಕರಿಗಾಗಿ ಜಿಲ್ಲಾ ಪಂಚಾಯತ್ ಏರ್ಪಡಿಸಿದ್ದ ಕಾರ್ಯಾಗಾರದಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ಪಹಣಿಯಲ್ಲಿ ಒಂದು ಅಕ್ಷರ ತಪ್ಪಿದರೆ ಅದನ್ನು ತಿದ್ದಿಸಲು ಎಷ್ಟು ಅಲೆಯಬೇಕು ಎಂಬುದು ನಮ್ಮ ಜಿಲ್ಲೆಯ ಪ್ರತಿಯೊಂದು ರೈತ ಕುಟುಂಬಕ್ಕೂ ತಿಳಿದಿದೆ. ಆದ್ದರಿಂದಲೇ ನಾವು ಪಹಣಿಯನ್ನು ಆಗಾಗ ತೆಗೆಸಿ ನೋಡುತ್ತೇವೆ. ಆದರೆ ನಮ್ಮ ಹೆಸರಿನಲ್ಲಿ ಇನ್ನೂ ನಾಲ್ಕು ಕಡತಗಳಿವೆ. ಅವು ತಾಲ್ಲೂಕು ಕಚೇರಿಯಲ್ಲಿಲ್ಲ, ನಮ್ಮ ಪಂಚಾಯಿತಿಯಲ್ಲಿಯೂ ಇಲ್ಲ. ಅವುಗಳನ್ನು ನಾವು ನೋಡಿಲ್ಲ. ಆದರೆ ನಮಗೆ ಸಾಲ ಕೊಡುವವರು ಪ್ರತಿ ಬಾರಿಯೂ ನೋಡುತ್ತಾರೆ. ಆ ಕಡತಗಳನ್ನು ನಾವೂ ನೋಡುವುದು, ತಪ್ಪಿದ್ದರೆ ತಿದ್ದಿಸುವುದು, ಅವುಗಳೊಳಗೆ ಅನ್ಯರು ನುಸುಳದಂತೆ ಬೀಗ ಹಾಕುವುದು, ಈ ಮೂರೇ ಇಂದಿನ ನನ್ನ ವಿಷಯ.

ಊರಿನಲ್ಲಿ ನಾವು ಎಲ್ಲವನ್ನೂ 'ಸಿಬಿಲ್' ಎನ್ನುತ್ತೇವೆ. ಸಿಬಿಲ್ ಎಂಬುದು ನಾಲ್ಕು ಸಂಸ್ಥೆಗಳಲ್ಲಿ ಒಂದರ ಹೆಸರು ಮಾತ್ರ. ಸಾಲ ಮಾಹಿತಿ ಕಂಪನಿಗಳ (ನಿಯಂತ್ರಣ) ಅಧಿನಿಯಮ, 2005ರ ಅಡಿಯಲ್ಲಿ ಭಾರತೀಯ ರಿಸರ್ವ್ ಬ್ಯಾಂಕಿನ ಮಾನ್ಯತೆ ಪಡೆದು ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಕ್ರಿಫ್ ಹೈ ಮಾರ್ಕ್ ಎಂಬ ನಾಲ್ಕು ಕಂಪನಿಗಳು ಕೆಲಸ ಮಾಡುತ್ತಿವೆ. ಸಾಲ ನೀಡುವ ಎಲ್ಲ ಸಂಸ್ಥೆಗಳೂ ಈ ನಾಲ್ಕರಲ್ಲಿಯೂ ಸದಸ್ಯರಾಗಿರಬೇಕೆಂದು ರಿಸರ್ವ್ ಬ್ಯಾಂಕು 2015ರ ಜನವರಿಯಲ್ಲಿ ಆದೇಶಿಸಿತು. 2016ರಲ್ಲಿ ಸ್ವಸಹಾಯ ಸಂಘಗಳ ಸದಸ್ಯರ ಮಟ್ಟದ ಮಾಹಿತಿಯನ್ನೂ ಸಲ್ಲಿಸಬೇಕೆಂದು ಸೂಚಿಸಿತು. ಹೀಗಾಗಿ ಬ್ಯಾಂಕಿನ ಮೆಟ್ಟಿಲನ್ನೇ ಏರದ ಮಹಿಳೆಯ ಹೆಸರಿನಲ್ಲಿಯೂ ಇಂದು ಕಡತವಿರಬಹುದು.

ಹೆಸರು ಕಡಿಮೆ ಕೇಳಿಬರುವ ಕಂಪನಿಗಳೇ ನಮ್ಮ ಪಾಲಿಗೆ ಹೆಚ್ಚು ಮುಖ್ಯ. ಕ್ರಿಫ್ ಹೈ ಮಾರ್ಕ್ ಹೆಸರು ಮಾಡಿದ್ದೇ ಕಿರುಹಣಕಾಸು ಸಾಲಗಳ ಮಾಹಿತಿಯಿಂದ. ವಾರದ ಕಂತಿನ ಸಾಲ ಪಡೆದವರ ವಿವರ ಅಲ್ಲಿ ಇರುವ ಸಂಭವ ಹೆಚ್ಚು. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮದಂತೆ, ವಾರ್ಷಿಕ 3 ಲಕ್ಷ ರೂಪಾಯಿವರೆಗಿನ ಆದಾಯದ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲವೇ ಕಿರುಸಾಲ. ಆ ಕುಟುಂಬದ ಎಲ್ಲ ಸಾಲಗಳ ತಿಂಗಳ ಕಂತು ತಿಂಗಳ ಆದಾಯದ ಶೇ. 50ನ್ನು ಮೀರುವಂತಿಲ್ಲ. ಈ ಲೆಕ್ಕ ಹಾಕಲು ಸಾಲ ಕೊಡುವವರು ನೋಡುವುದು ಇದೇ ಕಡತಗಳನ್ನು. ಇಲ್ಲದ ಸಾಲವೊಂದು ಅಲ್ಲಿ ದಾಖಲಾಗಿದ್ದರೆ ಇರುವ ಅರ್ಹತೆಯೂ ಕೈತಪ್ಪುತ್ತದೆ.

ನನ್ನ ಪಂಚಾಯಿತಿಯಲ್ಲಿಯೇ ಹೀಗೆ ನಡೆಯಿತು. ಹೈನುಗಾರಿಕೆಗಾಗಿ ಸಾಲ ಕೇಳಿದ ಸಂಘದ ಸದಸ್ಯೆಯೊಬ್ಬರ ಅರ್ಜಿ ತಿರಸ್ಕೃತವಾಯಿತು. ಅವರು ಸಂಘದ ಕಂತನ್ನು ಒಂದು ಬಾರಿಯೂ ತಪ್ಪಿಸಿದವರಲ್ಲ. ಸಿಬಿಲ್ ವರದಿ ತರಿಸಿದರೆ ಅದು ನಿರ್ಮಲವಾಗಿತ್ತು. ಬೇರೆ ಕಂಪನಿಯ ವರದಿಯಲ್ಲಿ ಮಾತ್ರ ಅವರು ಕಂಡರಿಯದ ಸಾಲವೊಂದು ಬಾಕಿಯೆಂದು ನಮೂದಾಗಿತ್ತು. ಅದೇ ಹೋಬಳಿಯ, ಅದೇ ಹೆಸರಿನ ಮತ್ತೊಬ್ಬ ಮಹಿಳೆಯ ಸಾಲ ಇವರ ಕಡತಕ್ಕೆ ಸೇರಿಕೊಂಡಿತ್ತು. ಕಾಗದವನ್ನು ಕಣ್ಣಾರೆ ನೋಡುವವರೆಗೆ ಆ ತಾಯಿ ತಮ್ಮ ಮೇಲೆಯೇ ಅನುಮಾನಪಟ್ಟು, ಸಂಘದ ಸಭೆಗೆ ಬರಲೂ ಹಿಂಜರಿದರು. ನಷ್ಟವಾದದ್ದು ಒಂದು ಹಸುವಿನ ಬೆಲೆಯಷ್ಟೇ ಅಲ್ಲ, ಅವರ ಮರ್ಯಾದೆಯೂ ಹೌದು.

ಇಂತಹ ತಪ್ಪು ಏಕೆ ಸಂಭವಿಸುತ್ತದೆ? ನಾನು ಓದಿದ್ದು ಇಂಜಿನಿಯರಿಂಗ್ ಆದುದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯಂತ್ರವು ಮನುಷ್ಯರನ್ನು ಮುಖ ನೋಡಿ ಗುರುತಿಸುವುದಿಲ್ಲ. ಹೆಸರು, ಹುಟ್ಟಿದ ದಿನ, ವಿಳಾಸ, ಗುರುತಿನ ಚೀಟಿಯ ಸಂಖ್ಯೆ, ಮೊಬೈಲ್ ಸಂಖ್ಯೆ ಇವುಗಳನ್ನು ಹೋಲಿಸಿ, ಸಾಕಷ್ಟು ಹೊಂದಿಕೆಯಾದರೆ ಒಬ್ಬರೇ ಎಂದು ತೀರ್ಮಾನಿಸುತ್ತದೆ. ನಮ್ಮ ಹಳ್ಳಿಗಳಲ್ಲಿ ಲಕ್ಷ್ಮಮ್ಮ, ಗಂಗಮ್ಮ ಎಂಬ ಹೆಸರುಗಳಿಗೆ ಲೆಕ್ಕವಿಲ್ಲ. ಜನ್ಮದಿನಾಂಕ ತಿಳಿಯದೆ ಇಸವಿಯನ್ನಷ್ಟೇ ಹೇಳಿದ ಹಲವರ ಆಧಾರ್‌ನಲ್ಲಿ ಜನವರಿ 1 ಎಂದೇ ನಮೂದಾಗಿದೆ. ವಿಳಾಸದಲ್ಲಿ ಮನೆ ಸಂಖ್ಯೆ ಇರುವುದಿಲ್ಲ, ಪಿನ್‌ಕೋಡ್ ಇಡೀ ಹೋಬಳಿಗೆ ಒಂದೇ ಇರಬಹುದು. ಹೆಸರು ಒಂದು, ದಿನ ಒಂದು, ಊರು ಒಂದು. ಗುರುತಿನ ಸಂಖ್ಯೆಯೊಂದು ತಪ್ಪಾಗಿ ಬರೆಯಲ್ಪಟ್ಟರೆ ಇಬ್ಬರು ಒಬ್ಬರಾಗಿಬಿಡುತ್ತಾರೆ. 'ಬಿನ್', 'ಕೋಂ' ಎಂದು ನಾವು ಬರೆಯುವ ಪದ್ಧತಿಗೆ ಅರ್ಥವಿದೆ. ಸಾಲದ ಅರ್ಜಿಯಲ್ಲಿ ತಂದೆ ಅಥವಾ ಗಂಡನ ಹೆಸರನ್ನೂ ಮನೆ ಸಂಖ್ಯೆಯನ್ನೂ ತಪ್ಪದೆ ಬರೆಸಿರಿ.

ಈಗ ಪರಿಶೀಲನೆಯ ಕ್ರಮ. ಪ್ರತಿಯೊಂದು ಕಂಪನಿಯೂ ಕ್ಯಾಲೆಂಡರ್ ವರ್ಷಕ್ಕೆ ಒಂದು ಪೂರ್ಣ ವರದಿಯನ್ನು ಅಂಕ ಸಹಿತ ಉಚಿತವಾಗಿ ಕೊಡಬೇಕು. ನಾಲ್ಕು ಕಂಪನಿಗಳಿಂದ ವರ್ಷಕ್ಕೆ ನಾಲ್ಕು ವರದಿ ದೊರೆಯುತ್ತವೆ. ಮೊದಲ ಬಾರಿಗೆ ನಾಲ್ಕನ್ನೂ ಒಟ್ಟಿಗೆ ತರಿಸಿ ಹೋಲಿಸಿರಿ. ಮುಂದಿನ ವರ್ಷದಿಂದ ಮೂರು ತಿಂಗಳಿಗೆ ಒಂದರಂತೆ ತರಿಸಿದರೆ ವರ್ಷವಿಡೀ ಕಾವಲಿದ್ದಂತಾಗುತ್ತದೆ. ನಮ್ಮ ವರದಿಯನ್ನು ನಾವೇ ನೋಡಿದರೆ ಅಂಕ ಕಡಿಮೆಯಾಗುವುದಿಲ್ಲ; ಆ ಭಯ ಬೇಡ.

ವರದಿ ಬಂದ ಕೂಡಲೇ ಎಲ್ಲರೂ 300ರಿಂದ 900ರ ನಡುವಿನ ಅಂಕವನ್ನೇ ನೋಡುತ್ತಾರೆ. ನಾನು ಹೇಳುವುದು, ಅಂಕವನ್ನು ಕೊನೆಗೆ ನೋಡಿರಿ. ಮೊದಲು ನೋಡಬೇಕಾದುದು ಮೊಬೈಲ್ ಸಂಖ್ಯೆ. ಕಡತವನ್ನು ಯಾರಾದರೂ ತೆರೆದರೆ ಕಂಪನಿಯು ನಮಗೆ ಸಂದೇಶ ಕಳುಹಿಸಬೇಕೆಂಬ ನಿಯಮವಿದೆ. ಆದರೆ ಸಾಲ ಕೊಡಿಸಿದ ಮಧ್ಯವರ್ತಿ ತನ್ನ ಸಂಖ್ಯೆಯನ್ನೇ ಬರೆಸಿದ್ದರೆ ಆ ಸಂದೇಶ ಹೋಗುವುದು ಅವನಿಗೆ! ಕಾವಲುಗಾರ ಕೂಗಿದರೂ ಮನೆಯವರಿಗೆ ಕೇಳಿಸದಂತಾಗುತ್ತದೆ. ಎರಡನೆಯದಾಗಿ, ಪಟ್ಟಿಯಲ್ಲಿರುವ ಪ್ರತಿಯೊಂದು ಸಾಲವೂ ನಮ್ಮದೇ ಎಂದು ನೋಡಿರಿ. ಜಾಮೀನು ನಿಂತ ಸಾಲವೂ ಅಲ್ಲಿ ಕಾಣುತ್ತದೆ. ಮೂರನೆಯದಾಗಿ, ತೀರಿಸಿದ ಸಾಲದ ಎದುರು 'ಕ್ಲೋಸ್ಡ್' ಎಂದಿದೆಯೇ, 'ಸೆಟಲ್ಡ್' ಎಂದಿದೆಯೇ ಗಮನಿಸಿರಿ. ಪೂರ್ತಿ ತೀರಿಸಿದ್ದರೆ ಮೊದಲನೆಯದು. ರಾಜಿಯಾಗಿ ಕಡಿಮೆ ಕಟ್ಟಿದ್ದರೆ ಎರಡನೆಯದು. ಎರಡನೆಯದನ್ನು ಸಾಲ ಕೊಡುವವರು ಸಂಶಯದಿಂದ ನೋಡುತ್ತಾರೆ. ಆದ್ದರಿಂದ ಸಾಲ ತೀರಿದ ದಿನವೇ ಬೇಬಾಕಿ ಪತ್ರ ಪಡೆದು ಜೋಪಾನವಾಗಿಡಿರಿ.

ತಪ್ಪು ಕಂಡರೆ ಆ ಕಂಪನಿಗೂ ಸಾಲ ಕೊಟ್ಟ ಸಂಸ್ಥೆಗೂ ಲಿಖಿತವಾಗಿ ದೂರು ಸಲ್ಲಿಸಿ, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿರಿ. ಸಾಲ ಕೊಟ್ಟ ಸಂಸ್ಥೆಯು 21 ದಿನಗಳೊಳಗೆ ಸರಿಯಾದ ಮಾಹಿತಿ ಕಳುಹಿಸಬೇಕು. ಒಟ್ಟು 30 ದಿನಗಳಲ್ಲಿ ದೂರು ಇತ್ಯರ್ಥವಾಗಬೇಕು. ವಿಳಂಬವಾದರೆ ದಿನಕ್ಕೆ 100 ರೂಪಾಯಿಯಂತೆ ದೂರುದಾರರಿಗೆ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅಲ್ಲಿಯೂ ನ್ಯಾಯ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ನೀಡಬಹುದು. ಸಾಲ ಮಾಹಿತಿ ಕಂಪನಿಗಳನ್ನು 2022ರ ಸೆಪ್ಟೆಂಬರ್ 1ರಿಂದ ಆ ಯೋಜನೆಯ ವ್ಯಾಪ್ತಿಗೆ ತರಲಾಗಿದೆ. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ, ಸಹಾಯವಾಣಿ 14448. 'ಸಿಬಿಲ್ ಕ್ಲೀನ್ ಮಾಡಿಕೊಡುತ್ತೇವೆ' ಎಂದು ಹಣ ಕೇಳುವವರನ್ನು ನಂಬಬೇಡಿರಿ. ಸುಳ್ಳು ದಾಖಲೆಯನ್ನು ಉಚಿತವಾಗಿಯೇ ತಿದ್ದಿಸಬಹುದು. ನಿಜವಾದ ಬಾಕಿಯನ್ನು ಯಾರೂ ಅಳಿಸಲಾರರು.

ಇನ್ನು ಬೀಗದ ಮಾತು. ಅಮೆರಿಕದಲ್ಲಿ 2017ರಲ್ಲಿ ಈಕ್ವಿಫ್ಯಾಕ್ಸ್ ಕಂಪನಿಯಿಂದ ಸುಮಾರು 14.7 ಕೋಟಿ ಜನರ ಮಾಹಿತಿ ಸೋರಿಹೋಯಿತು. ಮರುವರ್ಷ ಅಲ್ಲಿನ ಸಂಸತ್ತು ಮಾಡಿದ ಕಾಯಿದೆಯಿಂದ, 2018ರ ಸೆಪ್ಟೆಂಬರ್ 21ರಿಂದ, ಯಾರೇ ಆಗಲಿ ಮೂರು ದೊಡ್ಡ ಕಂಪನಿಗಳಲ್ಲಿ ತಮ್ಮ ಕಡತವನ್ನು ಉಚಿತವಾಗಿ ಸ್ತಂಭನಗೊಳಿಸಬಹುದಾಗಿದೆ. ಅದನ್ನು 'ಫ್ರೀಜ್' ಎನ್ನುತ್ತಾರೆ. ಕಡತ ತೆರೆಯದಿದ್ದರೆ ಹೊಸ ಸಾಲಗಾರರಿಗೆ ಏನೂ ಕಾಣುವುದಿಲ್ಲ. ಕಳ್ಳ ಹೆಸರಿನ ಸಾಲ ಹುಟ್ಟುವುದು ಕಷ್ಟ. ಆದರೆ ಅಲ್ಲಿಯೂ ಇನ್ನೋವಿಸ್, ಚೆಕ್ಸ್‌ಸಿಸ್ಟಮ್ಸ್‌ಗಳಂತಹ, ಹೆಚ್ಚು ಜನ ಕೇಳದ ಸಂಸ್ಥೆಗಳಿವೆ. ಮೂರಕ್ಕೆ ಹಾಕಿದ ಬೀಗ ಇವುಗಳಿಗೆ ತಾಗುವುದಿಲ್ಲ, ಪ್ರತಿಯೊಂದಕ್ಕೂ ಬೇರೆ ಬೇರೆ ಕೋರಿಕೆ ಸಲ್ಲಿಸಬೇಕು. ನಿಮ್ಮ ಮಕ್ಕಳು, ಬಂಧುಗಳು ಅಲ್ಲಿದ್ದರೆ ಈ ಮಾತನ್ನು ಅವರಿಗೆ ತಿಳಿಸಿರಿ.

ನಮ್ಮ 2005ರ ಅಧಿನಿಯಮದಲ್ಲಿ ಅಂತಹ ಸ್ತಂಭನದ ಹಕ್ಕು ಇಲ್ಲ. ಆದುದರಿಂದ ನಾವು ಬಾಗಿಲಿಗೆ ಬೀಗ ಹಾಕಲಾಗದಿದ್ದರೂ ಬಾಗಿಲಿಗೆ ಬರುವ ದಾರಿಗಳನ್ನು ಕಾಯಬಹುದು. ಸಂಚಾರ್ ಸಾಥಿ ಜಾಲತಾಣದಲ್ಲಿ ನಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂದು ನೋಡಿ, ನಮ್ಮದಲ್ಲದ್ದನ್ನು ತಿಳಿಸಬಹುದು. ಆಧಾರ್‌ನ ಬೆರಳಚ್ಚು ಮತ್ತಿತರ ಗುರುತುಗಳಿಗೆ ಬೀಗ ಹಾಕಬಹುದು. ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ ಖಾತೆಯಿಂದ ಹಣ ತೆಗೆದ ಪ್ರಕರಣಗಳು 2023ರಲ್ಲಿ ನಮ್ಮ ರಾಜ್ಯದಲ್ಲಿಯೇ ವರದಿಯಾದವು. ಈ ಬೀಗ ಅದನ್ನು ತಡೆಯುತ್ತದೆ. ಆದರೆ ಒಂದು ಎಚ್ಚರಿಕೆ: ಬೀಗ ಹಾಕಿದ ಮೇಲೆ ನ್ಯಾಯಬೆಲೆ ಅಂಗಡಿಯಲ್ಲಿಯೂ ಬೆರಳು ಒಪ್ಪಿಗೆಯಾಗದು. ತಾತ್ಕಾಲಿಕವಾಗಿ ತೆರೆಯಲು ನೋಂದಾಯಿತ ಮೊಬೈಲ್ ಕೈಯಲ್ಲಿರಬೇಕು. ಮೊಬೈಲ್ ಇಲ್ಲದ ವೃದ್ಧರಿಗೆ ಕೇಳದೆ ಬೀಗ ಹಾಕಿಸಿ ಅವರ ಪಡಿತರ ತಪ್ಪಿಸಬೇಡಿರಿ. ವಂಚನೆ ನಡೆದುಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿರಿ.

ಕೊನೆಯದಾಗಿ ನಮ್ಮ ಹೊಣೆ. ಪ್ರತಿ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ತಿಂಗಳಿಗೆ ಒಂದು ದಿನವನ್ನು ವರದಿ ಪರಿಶೀಲನೆಗೆ ಮೀಸಲಿಡಬೇಕೆಂದು ನಾನು ವಿನಂತಿಸುತ್ತೇನೆ. ಅಲ್ಲಿ ಮೂರು ನಿಯಮಗಳಿರಲಿ: ಒಟಿಪಿ ಸದಸ್ಯೆಯ ಸ್ವಂತ ಮೊಬೈಲಿಗೇ ಬರಬೇಕು, ವರದಿಯ ಪ್ರತಿ ಕಂಪ್ಯೂಟರಿನಲ್ಲಾಗಲಿ ವಾಟ್ಸ್‌ಆ್ಯಪ್ ಗುಂಪಿನಲ್ಲಾಗಲಿ ಉಳಿಯಬಾರದು, ಒಬ್ಬರ ವರದಿಯನ್ನು ಇನ್ನೊಬ್ಬರ ಮುಂದೆ ಓದಬಾರದು. ಸಹಾಯ ಮಾಡುವ ನಾವೇ ಸೋರಿಕೆಯ ದಾರಿಯಾದರೆ ಬೇಲಿಯೇ ಎದ್ದು ಹೊಲ ಮೇಯ್ದಂತಾಗುತ್ತದೆ. ಸಂಘದ ಪುಸ್ತಕದಲ್ಲಿ ಸದಸ್ಯೆಯ ಕಂತು ಬರೆದ ದಿನಕ್ಕೂ ಬ್ಯಾಂಕು ವರದಿ ಮಾಡಿದ ದಿನಕ್ಕೂ ವ್ಯತ್ಯಾಸ ಕಂಡರೆ ಮುಖ್ಯ ಪುಸ್ತಕ ಬರಹಗಾರರು ಬ್ಯಾಂಕಿಗೆ ಅಂದೇ ಪತ್ರ ಬರೆಯಲಿ.

ಸಾಲ ತೀರಿಸುವುದು ನಮ್ಮ ಕರ್ತವ್ಯ. ತೀರಿಸಿದ್ದು ದಾಖಲಾಗುವುದು ನಮ್ಮ ಹಕ್ಕು. ಇದೇ ತಿಂಗಳ ಒಕ್ಕೂಟ ಸಭೆಯಲ್ಲಿ ಈ ವಿಷಯವನ್ನು ಕಾರ್ಯಸೂಚಿಗೆ ಸೇರಿಸಿ, ಮೊದಲ ಹತ್ತು ಸದಸ್ಯೆಯರ ನಾಲ್ಕೂ ವರದಿಗಳನ್ನು ತರಿಸಿ ನೋಡಬೇಕೆಂದು ಕೋರುತ್ತೇನೆ.