ಯೂನಿವರ್ಸಿಟಿ ನಮ್ಮ ಲೈನಿಗೆ ಬಂದರೆ

(ತೋಟ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಆರು ದಿನ ಗುಡ್ಡ ಹತ್ತಿ ಎಲೆ ಕಿತ್ತು, ಉಳಿದ ಒಂದೇ ದಿನದಲ್ಲಿ ಬಟ್ಟೆ ಒಗೆದು, ಸೌದೆ ತಂದು, ಈ ಕೂಟಕ್ಕೂ ಬಂದಿದ್ದೀರಿ. ಆದಕಾರಣ ನಿಮ್ಮನ್ನು ಹೆಚ್ಚು ಹೊತ್ತು ಕೂರಿಸುವುದಿಲ್ಲ.

ಈ ದಿನ ಮಾತನಾಡಬೇಕಾದದ್ದು ಮಕ್ಕಳ ಓದಿನ ವಿಷಯ, ಅದರಲ್ಲಿಯೂ ಯೂನಿವರ್ಸಿಟಿಗಳಿಂದ ನಮ್ಮ ಶಾಲೆಗೆ ಏನು ಆಗಬಹುದು ಎಂಬ ವಿಷಯ. ಯೂನಿವರ್ಸಿಟಿಗೂ ನಮಗೂ ಏನು ನಂಟು ಎಂದು ನೀವು ಕೇಳಬಹುದು. ನಮ್ಮ ಲೈನುಗಳಿಂದ ಅಲ್ಲಿಯ ತನಕ ಹೋದ ಮಕ್ಕಳನ್ನು ಬೆರಳಿನಲ್ಲಿ ಎಣಿಸಬಹುದು. ಅಲ್ಲಿಂದ ಇಲ್ಲಿಗೆ ಬಂದವರೋ, ಫಾರಂ ಹಿಡಿದುಕೊಂಡು ಬಂದರು. ಮನೆಯಲ್ಲಿ ಎಷ್ಟು ಜನ, ಕಕ್ಕಸು ಇದೆಯೇ, ಕೂಲಿ ಎಷ್ಟು, ಗಂಡ ಕುಡಿಯುತ್ತಾನೆಯೇ, ಮಗು ಶಾಲೆ ಬಿಟ್ಟದ್ದೇಕೆ? ಎಲ್ಲವನ್ನೂ ಬರೆದುಕೊಂಡು, ಒಂದು ಫೋಟೋ ತೆಗೆದು, ಸಾಯಂಕಾಲದ ಬಸ್ಸಿಗೆ ಇಳಿದು ಹೋದರು. ಆ ಕಾಗದದಿಂದ ಏನಾಯಿತೆಂದು ನಮಗೆ ಯಾರೂ ಬಂದು ಹೇಳಲಿಲ್ಲ.

ಯೂನಿವರ್ಸಿಟಿ ಮಾಡಬಹುದಾದ ಕೆಲಸ ಅಷ್ಟೇ ಅಲ್ಲ. ಬೇರೆ ರೀತಿ ಮಾಡಿದ ಒಂದು ಉದಾಹರಣೆ ಅಮೆರಿಕದಲ್ಲಿದೆ. ದೂರದ ಸಂಗತಿಯಾದರೂ ಅದರ ಬೇರು ಇರುವುದು ಒಂದು ಕೂಲಿಯವರ ಮನೆಯಲ್ಲಿ. ಅದಕ್ಕೋಸ್ಕರವೇ ನಿಮ್ಮ ಮುಂದೆ ಇಡುತ್ತಿದ್ದೇವೆ.

ಇಂಡಿಯಾನಾ ಎಂಬ ರಾಜ್ಯದಲ್ಲಿ ಈಸ್ಟ್ ಶಿಕಾಗೋ ಎಂಬುದು ಉಕ್ಕಿನ ಕಾರ್ಖಾನೆಗಳ ಊರು. ಅಲ್ಲಿ 1934ರಲ್ಲಿ ಜೇಮ್ಸ್ ಕೋಮರ್ ಎಂಬವರು ಕಪ್ಪು ಜನರ ಒಂದು ಕುಟುಂಬದಲ್ಲಿ ಹುಟ್ಟಿದರು. ತಂದೆ ಕಾರ್ಖಾನೆಯಲ್ಲಿ ಕೂಲಿ. ತಾಯಿ ಮ್ಯಾಗಿ, ಪರರ ಮನೆಯಲ್ಲಿ ಕಸಮುಸುರೆ ಮಾಡಿದಾಕೆ. ಆಕೆ ಶಾಲೆಗೆ ಹೋದದ್ದು ಎರಡು ವರ್ಷಕ್ಕೂ ಕಡಿಮೆ. ಮಕ್ಕಳು ಐದು ಮಂದಿ. ಆ ಐವರೂ ಸೇರಿ ಪಡೆದ ಕಾಲೇಜು ಡಿಗ್ರಿಗಳು 13! ಜೇಮ್ಸ್ ಡಾಕ್ಟರಾದರು, ತರುವಾಯ ಮನೋವೈದ್ಯರಾಗಿ ಯೇಲ್ ಎಂಬ ದೊಡ್ಡ ವಿಶ್ವವಿದ್ಯಾನಿಲಯವನ್ನು ಸೇರಿದರು. ತಾಯಿಯ ಬಾಳನ್ನೇ ಕುರಿತು 1988ರಲ್ಲಿ ಒಂದು ಪುಸ್ತಕವನ್ನೂ ಬರೆದರು.

ಅವರಿಗೆ ಅದೇ ಬೀದಿಯ ಮೂವರು ಗೆಳೆಯರಿದ್ದರು. ಇವರಷ್ಟೇ ಬುದ್ಧಿಯ ಹುಡುಗರು. ಅವರ ತಂದೆಯರೂ ದುಡಿಯುವವರೇ. ಆದರೆ ಒಬ್ಬನು ಕುಡಿತದಿಂದ ಬೇಗ ಸತ್ತನು, ಒಬ್ಬನು ಬಹುಕಾಲ ಜೈಲಿನಲ್ಲಿದ್ದನು, ಇನ್ನೊಬ್ಬನು ಮಾನಸಿಕ ಆಸ್ಪತ್ರೆಗಳ ಒಳಗೂ ಹೊರಗೂ ಓಡಾಡುತ್ತ ಬಾಳು ಕಳೆದನು. ನನಗೆ ಸಿಕ್ಕಿದ್ದು ಅವರಿಗೆ ಏಕೆ ಸಿಕ್ಕಲಿಲ್ಲ ಎಂಬ ಪ್ರಶ್ನೆ ಕೋಮರ್ ಅವರನ್ನು ಬಿಡಲಿಲ್ಲ.

ಅವರು ಹೇಳುವ ಒಂದು ಸಂಗತಿ ಕೇಳಿರಿ. ಚಿಕ್ಕ ತರಗತಿಯಲ್ಲಿ ಟೀಚರು ಒಂದು ಪಂದ್ಯ ಇಟ್ಟರು: ಲೈಬ್ರರಿಯಿಂದ ಯಾರು ಹೆಚ್ಚು ಪುಸ್ತಕ ತಂದು ಓದುತ್ತಾರೆ? ಜೇಮ್ಸ್ ಎಲ್ಲರಿಗಿಂತ ಹೆಚ್ಚು ಓದಿದ. ಆ ಮೂವರು ಗೆಳೆಯರು ಒಂದನ್ನೂ ಓದಲಿಲ್ಲ. ಟೀಚರಿಗೆ ಬೇಸರ ಬಂದು, ನಮ್ಮಂತೆ ಆಗಲು ಮನಸ್ಸಿಲ್ಲದಿದ್ದರೆ ನೀವು ಈ ಶಾಲೆಗೆ ಬರಬೇಡಿ ಎಂಬ ಅರ್ಥದಲ್ಲಿ ಬೈದರು. ಆ ಮಕ್ಕಳು ಸೋಮಾರಿಗಳೆಂದು ಆಕೆ ಎಣಿಸಿದರು. ನಿಜ ಏನೆಂದರೆ, ಅವರ ತಂದೆತಾಯಂದಿರಿಗೆ ಲೈಬ್ರರಿಯ ಮೆಟ್ಟಿಲು ಹತ್ತಲು ಹೆದರಿಕೆ. ಅದು ದೊಡ್ಡವರ ಜಾಗ, ಬಿಳಿಯರ ಜಾಗ. ಜೇಮ್ಸನ ತಾಯಿ ಮಾತ್ರ ಮಕ್ಕಳ ಕೈ ಹಿಡಿದುಕೊಂಡು ಒಳಗೆ ಹೋಗಿದ್ದಳು.

ಅಕ್ಕಂದಿರೇ, ರಸ್ತೆಯ ಮೇಲಿನ ನಮ್ಮ ಶಾಲೆಗೆ ನಮ್ಮಲ್ಲಿ ಎಷ್ಟು ಮಂದಿ ಒಳಗೆ ಹೋಗುತ್ತೇವೆ? ತೂಕ ಮುಗಿಸಿ, ಸೊಂಟಕ್ಕೆ ಕಟ್ಟಿದ ಪ್ಲಾಸ್ಟಿಕ್ ಹಾಳೆಯ ಸಮೇತ ಬಂದು ಗೇಟಿನ ಹೊರಗೆ ನಿಲ್ಲುತ್ತೇವೆ. ಒಳಗೆ ತಮಿಳಿನಲ್ಲಿ ಮಾತನಾಡಬೇಕು, ನಮ್ಮ ತಮಿಳು ಮೇಸ್ತ್ರಿಯ ಹತ್ತಿರ ನಡೆಯುವ ತಮಿಳು, ಮೇಡಂ ಹತ್ತಿರ ನಡೆಯುವುದಿಲ್ಲ ಎಂಬ ಅಂಜಿಕೆ. ಒಳಗಿನವರೋ, ಈ ತೋಟದವರಿಗೆ ಮಕ್ಕಳ ಓದಿನ ಚಿಂತೆಯೇ ಇಲ್ಲ ಎಂದು ತಿಳಿಯುತ್ತಾರೆ. ಎರಡು ಕಡೆಯವರೂ ಒಂದೇ ಮಗುವಿಗಾಗಿ ದುಡಿಯುತ್ತಿದ್ದಾರೆ, ನಡುವೆ ಒಂದು ಗೇಟು.

ಈಗ ಯೇಲಿನ ವಿಷಯಕ್ಕೆ ಬರೋಣ. ಅದು ಇರುವ ಊರು ನ್ಯೂ ಹೇವನ್. ವಿಶ್ವವಿದ್ಯಾನಿಲಯ ಶ್ರೀಮಂತ, ಪಕ್ಕದ ಕೇರಿಗಳು ಬಡವು. 1967ರಲ್ಲಿ ಆ ಊರಿನಲ್ಲಿ ಗಲಭೆಗಳೇ ಆದವು. ಮರು ವರ್ಷ, 1968ರಲ್ಲಿ, ಯೇಲಿನ ಮಕ್ಕಳ ಅಧ್ಯಯನ ಕೇಂದ್ರವು ಕೋಮರ್ ಅವರ ನೇತೃತ್ವದಲ್ಲಿ ಎರಡು ಸರ್ಕಾರಿ ಶಾಲೆಗಳ ಕೆಲಸಕ್ಕೆ ಕೈ ಹಾಕಿತು. ಫೋರ್ಡ್ ಫೌಂಡೇಶನ್ ಹಣ ಕೊಟ್ಟಿತು. ಕಿಂಗ್ ಶಾಲೆ, ಬಾಲ್ಡ್ವಿನ್ ಶಾಲೆ ಎಂದು ಅವುಗಳ ಹೆಸರು. ಬಹುಮಟ್ಟಿಗೆ ಎಲ್ಲರೂ ಬಡ ಕಪ್ಪು ಕುಟುಂಬಗಳ ಮಕ್ಕಳೇ. ಊರಿನ 33 ಪ್ರಾಥಮಿಕ ಶಾಲೆಗಳಲ್ಲಿ ಓದಿನಲ್ಲಿ ಎಲ್ಲಕ್ಕಿಂತ ಕೆಳಗೆ ಇದ್ದ ಶಾಲೆಗಳು ಇವು.

ಮೊದಲನೆಯ ವರ್ಷ ಎಲ್ಲವೂ ಕೆಟ್ಟಿತು. ಹೊಸ ಹೊಸ ಬೋಧನಾ ಕ್ರಮಗಳನ್ನು ತಂದರು, ತರಗತಿಗಳು ಸಂತೆಯಾದವು, ತಂದೆತಾಯಂದಿರು ಸಿಟ್ಟಾಗಿ ಪ್ರತಿಭಟನೆ ಮಾಡಿದರು. ಆಗಲೂ ಯೂನಿವರ್ಸಿಟಿಯವರು ಗಂಟುಮೂಟೆ ಕಟ್ಟಲಿಲ್ಲ. ಈ ಕಥೆಯಲ್ಲಿ ನಮಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ. ಮೇಲಿನಿಂದ ಬೋಧನೆ ತರುವುದನ್ನು ನಿಲ್ಲಿಸಿ, ಶಾಲೆಯೊಳಗೆ ಒಂದು ಮೇಜು ಹಾಕಿದರು. ಹನ್ನೆರಡು ಮಂದಿಯಷ್ಟಿದ್ದ ಒಂದು ಸಮಿತಿ. ಹೆಡ್ ಮಾಸ್ತರರು ಅದರ ಮುಖ್ಯಸ್ಥರು. ಟೀಚರುಗಳು, ತಂದೆತಾಯಂದಿರು ಆರಿಸಿ ಕಳಿಸಿದವರು, ಮಕ್ಕಳ ಮನಸ್ಸನ್ನು ಬಲ್ಲ ಒಬ್ಬ ತಜ್ಞರು, ಶಾಲೆಯ ಇತರ ಕೆಲಸಗಾರರು ಸಹ ಅದರಲ್ಲಿ ಕೂತರು. ಕಸ ಗುಡಿಸುವವರನ್ನೂ ಅಡಿಗೆಯವರನ್ನೂ ಶಾಲೆಗೆ ಸೇರಿದವರೆಂದು ಎಣಿಸುವುದು ಎಷ್ಟು ಕಡೆ ಇದೆ ಹೇಳಿ!

ಆ ಮೇಜಿಗೆ ಕೆಲವು ಕಟ್ಟುಪಾಡುಗಳಿದ್ದವು. ಸಮಿತಿಯು ಹೆಡ್ ಮಾಸ್ತರರ ಕೈ ಕಟ್ಟಿಹಾಕಬಾರದು. ಅವರೂ ಸಮಿತಿಯನ್ನು ಹೆಬ್ಬೆಟ್ಟು ಒತ್ತುವ ಸಮಿತಿ ಮಾಡಬಾರದು. ಓಟು ಹಾಕಿ ಗೆದ್ದವರು ಸೋತವರು ಎಂದು ಮಾಡದೆ, ಒಮ್ಮತ ಬರುವ ತನಕ ಮಾತನಾಡಬೇಕು. ಮತ್ತು ಯಾರ ಮೇಲೂ ತಪ್ಪು ಹೊರಿಸಬಾರದು. ಯೂನಿಯನ್ನಿನವರಾದ ನಮಗೆ ಈ ಕೊನೆಯದು ಸುಲಭವಾಗಿ ಗಂಟಲಲ್ಲಿ ಇಳಿಯುವುದಿಲ್ಲ. ತಪ್ಪು ಮಾಡಿದವನ ಹೆಸರು ಹಿಡಿದು ಕೇಳುವುದೇ ನಮ್ಮ ಕೆಲಸವಲ್ಲವೇ? ಹೌದು, ಬಾರದ ಟೀಚರ ಮೇಲೆ ದೂರು ಕೊಡಬೇಕಾದರೆ ಬಿ.ಇ.ಓ. ಆಫೀಸಿಗೆ ಕೊಡಬೇಕು, ಕೊಡುತ್ತೇವೆ. ಆದರೆ ಮಗುವಿನ ಓದಿಗೆಂದು ಹಾಕಿದ ಮೇಜಿನ ಮೇಲೆ ಆ ಜಗಳ ತಂದರೆ, ಎರಡು ಕಡೆಯವರೂ ತಮ್ಮ ತಮ್ಮ ನ್ಯಾಯ ಹೇಳಿ ಎದ್ದು ಹೋಗುತ್ತಾರೆ. ಮಗುವಿನ ವಿಷಯ ಎತ್ತುವುದಕ್ಕೆ ಹೊತ್ತೇ ಉಳಿಯುವುದಿಲ್ಲ.

ಹೀಗೆ ಕೂತದ್ದರಿಂದ ಏನಾಯಿತು? ಎಂಟು ವರ್ಷದ ಒಬ್ಬ ಹುಡುಗನನ್ನು ಅವನ ಅತ್ತೆಯೋ ಚಿಕ್ಕಮ್ಮನೋ ಉತ್ತರ ಕೆರೊಲಿನಾದ ಹಳ್ಳಿಯಿಂದ ಕರೆತಂದು ಶಾಲೆಗೆ ಸೇರಿಸಿ, ಕೆಲಸಕ್ಕೆ ಹೋದಳು. ಹೊಸ ಊರು, ಹೊಸ ಮುಖಗಳು. ತರಗತಿಗೆ ತಂದು ಬಿಟ್ಟಾಗ ಅವನು ಬೆದರಿ ಟೀಚರ ಕಾಲಿಗೆ ಒದ್ದು ಓಡಿದನು. ಸಾಮಾನ್ಯವಾಗಿ ಇಂಥವನಿಗೆ ಏಟು, ಅದಕ್ಕೂ ಮೀರಿದರೆ ಟಿ.ಸಿ. ಇಲ್ಲಿ ಯೂನಿವರ್ಸಿಟಿಯ ತಜ್ಞರು ಟೀಚರುಗಳೊಂದಿಗೆ ಕೂತು, ಆ ಹುಡುಗನ ಕಣ್ಣಿನಿಂದ ಆ ಬೆಳಿಗ್ಗೆ ಹೇಗಿತ್ತು ಎಂದು ಯೋಚಿಸಲು ಕೇಳಿದರು. ಹೊಸ ಮಗುವನ್ನು ಬರಮಾಡಿಕೊಳ್ಳುವ ಕ್ರಮವನ್ನೇ ಶಾಲೆ ಬದಲಾಯಿಸಿತು. ಒಂದೇ ಟೀಚರು ಎರಡು ವರ್ಷ ಅವೇ ಮಕ್ಕಳೊಂದಿಗೆ ಇರುವಂತೆಯೂ ಏರ್ಪಾಡಾಯಿತು. ಊಟಿ, ಗೂಡಲೂರು, ಕೊಡಗು ಎಂದು ಕೆಲಸ ಸಿಕ್ಕಿದ ಕಡೆಗೆ ತಿರುಗುವ ನಮ್ಮ ಕುಟುಂಬಗಳಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ತಾಯಂದಿರನ್ನು ಶಾಲೆಯ ಒಳಗೆ ತಂದದ್ದು ಬರಿಯ ಉಪದೇಶದಿಂದಲ್ಲ. ಕೆಲವರನ್ನು ತರಗತಿಯಲ್ಲಿ ಸಹಾಯಕ್ಕೆ ಇಟ್ಟುಕೊಂಡು ಕನಿಷ್ಠ ಕೂಲಿ ಕೊಟ್ಟರು. ಇದನ್ನು ಗಟ್ಟಿಯಾಗಿ ಹೇಳುತ್ತೇವೆ: ಕೂಲಿ ಕೊಟ್ಟರು. ಉಳಿದವರು ಊಟದ ಕೂಟಕ್ಕೆ, ಮಕ್ಕಳ ಕಾರ್ಯಕ್ರಮಕ್ಕೆ, ಪುಸ್ತಕದ ಮೇಳಕ್ಕೆ ಬರತೊಡಗಿದರು. 1977ರಲ್ಲಿ ಊರಿನ ಮೇಯರ್ ಚುನಾವಣೆ ಬಂದಾಗ, ಮಕ್ಕಳೇ ಅಭ್ಯರ್ಥಿಗಳಿಗೆ ಕಾಗದ ಬರೆದು ಶಾಲೆಗೆ ಕರೆದರು. ಬಂದವರನ್ನು ಉಪಚರಿಸಿದರು, ಪ್ರಶ್ನೆ ಕೇಳಿದರು. ಕಾಗದ ಬರೆಯುವುದೂ ಪಾಠವಾಯಿತು, ದೊಡ್ಡವರ ಮುಂದೆ ನಿಂತು ಮಾತನಾಡುವುದೂ ಪಾಠವಾಯಿತು.

ಬಾಲ್ಡ್ವಿನ್ ಶಾಲೆ ಕೆಲವು ವರ್ಷಗಳ ಮೇಲೆ ಈ ಕೆಲಸದಿಂದ ಹೊರಗಾಯಿತು, ಬ್ರೆನ್ನನ್ ಎಂಬ ಶಾಲೆ ಸೇರಿತು. 1979ರ ಹೊತ್ತಿಗೆ ನಾಲ್ಕನೆಯ ತರಗತಿಯ ಮಕ್ಕಳು ತಮ್ಮ ತರಗತಿಗೆ ತಕ್ಕ ಮಟ್ಟಕ್ಕೆ ಬಂದರು. 1984ರಲ್ಲಿ ಆ ಎರಡು ಶಾಲೆಗಳ ನಾಲ್ಕನೆಯ ತರಗತಿಗಳು ಊರಿನಲ್ಲಿ ಮೂರನೆಯ, ನಾಲ್ಕನೆಯ ಸ್ಥಾನದಲ್ಲಿ ನಿಂತವು. ಹಾಜರಿಯಲ್ಲಿ ಕಿಂಗ್ ಶಾಲೆ ಮೊದಲನೆಯದು ಇಲ್ಲವೆ ಎರಡನೆಯದು. ಈ ನಡುವೆ ಆ ಮನೆಗಳ ಬಡತನ ಕಡಿಮೆಯಾಗಿರಲಿಲ್ಲ, ಶ್ರೀಮಂತರ ಮಕ್ಕಳೂ ಬಂದು ಸೇರಿರಲಿಲ್ಲ. ಲೆಕ್ಕ ಹಾಕಿರಿ, 1968ರಿಂದ 1979ಕ್ಕೆ ಹನ್ನೊಂದು ವರ್ಷ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ತರುವಾಯ ಈ ಕ್ರಮ ಸಾವಿರಕ್ಕೂ ಹೆಚ್ಚು ಶಾಲೆಗಳಿಗೆ ಹೋಯಿತು. ಎಲ್ಲ ಕಡೆಯೂ ಅದೇ ಫಲ ಬರಲಿಲ್ಲ. ಮೇರಿಲ್ಯಾಂಡ್ ರಾಜ್ಯದ ಒಂದು ಜಿಲ್ಲೆಯಲ್ಲಿ ನಡೆದ ದೊಡ್ಡ ಪರಿಶೀಲನೆ 1999ರಲ್ಲಿ ಪ್ರಕಟವಾಯಿತು. ಓದಿನಲ್ಲಿ ಲಾಭ ಕಾಣಲಿಲ್ಲ. ಸಮಿತಿಯ ಹೆಸರು ಹಾಕಿಕೊಂಡ ಶಾಲೆಗಳಿಗೂ ಹಾಕಿಕೊಳ್ಳದ ಶಾಲೆಗಳಿಗೂ ನಡೆಯುವ ರೀತಿಯಲ್ಲಿ ಹೆಚ್ಚಿನ ವ್ಯತ್ಯಾಸವೇ ಇರಲಿಲ್ಲವಂತೆ. ಶಿಕಾಗೋ ನಗರದ ಪರಿಶೀಲನೆಯಲ್ಲಿ, 2000ದಲ್ಲಿ, ಸ್ವಲ್ಪ ಒಳ್ಳೆಯ ಫಲ ಕಂಡಿತು. ಬೋರ್ಡು ತೂಗುಹಾಕುವುದು ಬೇರೆ, ಮೇಜಿನ ಸುತ್ತ ಕೂರುವುದು ಬೇರೆ.

ನಮ್ಮಲ್ಲಿ ಬೋರ್ಡು ಆಗಲೇ ಇದೆ. 1951ರ ತೋಟ ಕಾರ್ಮಿಕರ ಕಾನೂನಿನ ಕಾಲದಲ್ಲಿ ನಮ್ಮ ಹಿರಿಯರ ಹೋರಾಟ ಶಾಲೆಯ ಕಟ್ಟಡಕ್ಕಾಗಿ ಇತ್ತು. 6ರಿಂದ 12 ವಯಸ್ಸಿನ ಮಕ್ಕಳು 25ಕ್ಕಿಂತ ಹೆಚ್ಚಿದ್ದರೆ ಮಾಲೀಕರು ಓದಿನ ಏರ್ಪಾಡು ಮಾಡುವಂತೆ ರಾಜ್ಯ ಸರ್ಕಾರ ನಿಯಮ ಮಾಡಬಹುದೆಂದು ಆ ಕಾನೂನು ಹೇಳಿತ್ತು. 2009ರ ಶಿಕ್ಷಣ ಹಕ್ಕಿನ ಕಾನೂನು ಇನ್ನೂ ಮುಂದೆ ಹೋಗಿ, ಸರ್ಕಾರಿ ಶಾಲೆಗಳಿಗೆ ಶಾಲಾ ಆಡಳಿತ ಸಮಿತಿ ಬೇಕು, ಅದರಲ್ಲಿ ಮುಕ್ಕಾಲು ಪಾಲು ತಂದೆತಾಯಂದಿರು ಅಥವಾ ಪೋಷಕರು, ಒಟ್ಟಿನಲ್ಲಿ ಅರ್ಧದಷ್ಟು ಹೆಂಗಸರು ಇರಬೇಕೆಂದಿತು. ಶಾಲೆಯ ಅಭಿವೃದ್ಧಿ ಯೋಜನೆಯನ್ನು ಆ ಸಮಿತಿಯೇ ತಯಾರಿಸಬೇಕು. ಅಂದರೆ ಯೇಲಿನವರು ಹಾಕಿದ ಮೇಜನ್ನು ನಮಗೆ ಕಾನೂನೇ ಕೊಟ್ಟಿದೆ. ಆದರೆ ಮೀಟಿಂಗು ಬೆಳಿಗ್ಗೆ 11 ಗಂಟೆಗೆ ಇಟ್ಟರೆ ಎಲೆ ಕೀಳುವ ತಾಯಿ ಒಂದು ದಿನದ ಹಾಜರಿ ಬಿಟ್ಟು ಹೋಗಬೇಕು. ಆಕೆಯ ಸಹಿ ಮಾತ್ರ ಮನೆಗೆ ಬಂದು ಪಡೆಯುತ್ತಾರೆ.

ಇಲ್ಲಿಯೇ ಯೂನಿವರ್ಸಿಟಿಯಿಂದ ನಮಗೆ ಆಗಬೇಕಾದ ಕೆಲಸ ಇದೆ. ಬಿ.ಎಡ್. ಓದುವವರು ವಾರಗಟ್ಟಲೆ ಯಾವುದಾದರೂ ಶಾಲೆಯಲ್ಲಿ ಪಾಠ ಮಾಡಲೇಬೇಕು. ಪಟ್ಟಣದ ಶಾಲೆಗಳಿಗೇ ಏಕೆ ಹೋಗಬೇಕು? ರಾಷ್ಟ್ರೀಯ ಸೇವಾ ಯೋಜನೆ 1969ರಿಂದ ಇದೆ. ಏಳು ದಿನದ ಕ್ಯಾಂಪಿಗೆ ಬಂದು ಗೋಡೆಗೆ ಸುಣ್ಣ ಬಳಿದು ಹೋಗುವುದು ಬೇಡವೆಂದು ಅಲ್ಲ, ಸುಣ್ಣ ಮಳೆಗಾಲದ ತನಕ ಇರುತ್ತದೆ ಅಷ್ಟೇ. ನಮಗೆ ಬೇಕಾದದ್ದು ವಾರಕ್ಕೆ ಒಂದು ದಿನ, ಕಡಿಮೆ ಎಂದರೆ ಎರಡು ವರ್ಷ, ಅದೇ ಇಬ್ಬರು ಮೂವರು ಬರುವುದು. ಹೆಡ್ ಮೇಡಂ ಒಬ್ಬರೇ ರಿಜಿಸ್ಟರು, ಊಟದ ಲೆಕ್ಕ, ಆಫೀಸಿನ ಕಾಗದ ಎಲ್ಲವನ್ನೂ ಹೊತ್ತು, ನಡುವೆ ಎರಡು ತರಗತಿ ನಡೆಸುವ ಶಾಲೆಗಳಿವೆ. ಅಂಥವರ ಪಕ್ಕದಲ್ಲಿ ಕೂತು ಯಾವ ಮಗು ಎಲ್ಲಿ ನಿಂತಿದೆ ಎಂದು ನೋಡುವ ಒಬ್ಬ ಅನುಭವಸ್ಥ ಪ್ರೊಫೆಸರು ಬಂದರೆ ಅದು ಆಕೆಗೂ ಬಲ, ನಮಗೂ ಬಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಪುಸ್ತಕದಲ್ಲಿ ಇಂಗ್ಲಿಷು ಎಂಬ ಮಗುವಿಗೆ ಒಂದನೆಯ ತರಗತಿಯಲ್ಲಿ ಹೇಗೆ ಪಾಠ ತೊಡಗಬೇಕೆಂಬುದನ್ನು ಓದಿ ತಿಳಿದವರು ಕೊಯಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾನಿಲಯದಂಥ ಕಡೆಯೋ, ಕನ್ನಡ ಬಲ್ಲ ಮೈಸೂರಿನ ಕಡೆಯೋ ಸಿಗಬೇಕು. ಫಾರಂ ತಂದರೂ ಬೇಡವೆನ್ನುವುದಿಲ್ಲ. ಆದರೆ ಅದರಿಂದ ತಿಳಿದುದನ್ನು ನಮಗೆ ಅರ್ಥವಾಗುವ ಮಾತಿನಲ್ಲಿ ಮೊದಲು ಈ ಲೈನಿನಲ್ಲಿ ಬಂದು ಹೇಳಬೇಕು ಎಂದು ಕರಾರು ಹಾಕೋಣ.

ಕಾಗದ ಬರೆಯುವ ಕೆಲಸವನ್ನು ನಾವು ವಹಿಸಿಕೊಳ್ಳುತ್ತೇವೆ. ಹೆಡ್ ಮೇಡಂ ಅವರನ್ನು ಮೊದಲು ಕಂಡು, ಅವರ ಒಪ್ಪಿಗೆಯಿಲ್ಲದೆ ಒಂದು ಅಕ್ಷರವನ್ನೂ ಕಳಿಸುವುದಿಲ್ಲ. ಅದಕ್ಕೆ ಮುಂಚೆ ಪ್ರತಿ ಲೈನಿನಿಂದ ಒಬ್ಬ ತಾಯಿ, ಒಬ್ಬ ತಂದೆ ಮುಂದಿನ ಭಾನುವಾರ ಬರಬೇಕು. ಸಮಿತಿಯ ಮೀಟಿಂಗು ಯಾವ ದಿನ, ಸಾಯಂಕಾಲದ ತೂಕ ಮುಗಿದು ಎಷ್ಟು ಹೊತ್ತಿಗೆ ಇಟ್ಟರೆ ನೀವು ಹಾಜರಿ ಕಳೆದುಕೊಳ್ಳದೆ ಬರಬಹುದು, ಆ ಹೊತ್ತಿನಲ್ಲಿ ಕೈಗೂಸುಗಳನ್ನು ಯಾರು ನೋಡಿಕೊಳ್ಳಬೇಕು, ಇದನ್ನು ನೀವೇ ಹೇಳಬೇಕು. ಕಾಗದದಲ್ಲಿ ಮೊದಲು ಬರೆಯುವುದು ಅದನ್ನೇ.